ದುರ್ಗಿಗುಡಿಗೆ ಎಷ್ಟು ಜಾಗ

ರಾತ್ರಿ ಪಾಳಿ. ತುಂಗೆಯ ದಡದ ಪಂಪ್‌ಹೌಸು.
ಎರಡನೇ ಮೋಟಾರು ಗುಂಯ್‌ಗುಡುತ್ತಿದೆ, ಮೂರನೆಯದು ಬಿಚ್ಚಿಕೊಂಡು ಮಲಗಿದೆ.
ಗಂಟೆಗೊಮ್ಮೆ ನಾನು ಪಟ್ಟಿ ತೆಗೆಯಬೇಕು:
ಮೊದಲು ಬಡಾವಣೆ, ಆಮೇಲೆ ಟ್ಯಾಂಕಿನ ಮಟ್ಟ,
ಕೊನೆಗೆ ವಾಲ್ವು ತೆರೆದಿದೆಯೋ ಮುಚ್ಚಿದೆಯೋ.

ನವಲೆಯ ಅಂಕಿ ಒಂದೇ ಮನೆ ಎಡಕ್ಕೆ ಜಾರಿದೆ. ಸಹಿಸಬಹುದು.
ವಿನೋಬನಗರದ್ದು ಎರಡು.
ದುರ್ಗಿಗುಡಿಯದ್ದು ಆರು ಮನೆ ಜಾರಿ
ಯಾರದೋ ಜಾಗದಲ್ಲಿ ಕಾಲು ಚಾಚಿ ಕೂತಿದೆ.

ಹುಚ್ಚರಾಯಪ್ಪ ಅಡಿಪಟ್ಟಿ ಇಟ್ಟು ಓದುತ್ತಾನೆ.
ಮೂವತ್ತು ವರ್ಷ ವಾಲ್ವು ತಿರುಗಿಸಿದ ಕೈ
ಹಾಳೆಯ ಮೇಲೆ ಮಾತ್ರ ನಡುಗುತ್ತದೆ.
ಹೋದ ತಿಂಗಳು ಒಂದು ಸಾಲು ತಪ್ಪಿ
ಹೊಸಮನೆಗೆ ಬಿಡಬೇಕಾದ ನೀರು
ದುರ್ಗಿಗುಡಿಗೇ ಎರಡು ಸಲ ಹೋಯಿತು.
ಬೆಳಿಗ್ಗೆ ಬೈಸಿಕೊಂಡವನು ಅವನು. ಪಟ್ಟಿಗೆ ಯಾರೂ ಬೈಯಲಿಲ್ಲ.

ಅದಕ್ಕೇ ಹುಡುಕಲು ಶುರು ಮಾಡಿದೆ.
ಅಕ್ಷರಗಳನ್ನು ಕಂಬ ಕಂಬವಾಗಿ ಜೋಡಿಸುವ ಸಣ್ಣ ಸಲಕರಣೆ,
ಹೆಸರು ಕೇಳಿದವರಿಲ್ಲ, ಅದಿಲ್ಲದ ಕಂಪ್ಯೂಟರಿಲ್ಲ.
ಮೂಲವನ್ನು ಬಿಚ್ಚಿಟ್ಟಿದ್ದಾರೆ, ಯಾರು ಬೇಕಾದರೂ ಓದಬಹುದು;
ಬಾಗಿಲಿಗೆ ಬೀಗವಿಲ್ಲ ಅಂದಮೇಲೆ ಗುಡಿಸುವವರೂ ಬೇಕಲ್ಲ.
ನಾನೂರ ಹನ್ನೆರಡನೇ ಸಾಲಿನಲ್ಲಿ ಒಂದು ಟಿಪ್ಪಣಿ:
'ಸದ್ಯಕ್ಕೆ ಹೀಗಿರಲಿ, ಆಮೇಲೆ ನೋಡೋಣ.'
ಬರೆದದ್ದು ತೊಂಬತ್ಮೂರರಲ್ಲಿ. ನಾನಾಗ ಎರಡನೇ ಕ್ಲಾಸು,
ಒತ್ತಕ್ಷರ ತಪ್ಪಿ ಬರೆದು ಕೈಗೆ ಏಟು ತಿನ್ನುತ್ತಿದ್ದೆ.

ಅದು ಎಣಿಸುತ್ತಿದ್ದದ್ದು ಹೀಗೆ:
ದಕಾರ ಒಂದು, ಅದರ ಕೊಂಬು ಇನ್ನೊಂದು,
ರಕಾರ, ಅದರ ಸ್ವರ ಕಿತ್ತ ಗುರುತು ಬೇರೆ,
ಗಕಾರ, ಗುಡಿಸು, ಮತ್ತೆ ಗಕಾರ, ಕೊಂಬು, ಡಕಾರ, ಗುಡಿಸು.
ಒಟ್ಟು ಹತ್ತು.
ಕಣ್ಣಿಗೆ ಕಾಣುವುದು ನಾಲ್ಕೇ: ದು ರ್ಗಿ ಗು ಡಿ.
ಕಂಕುಳ ಕೂಸಿಗೂ ಪೂರ್ತಿ ಟಿಕೆಟು ಹರಿಯುವ ಕಂಡಕ್ಟರು!

ಮೂರು ಸಾಲು ಬದಲಿಸಿದೆ. ಕನ್ನಡ ನೆಟ್ಟಗಾಯಿತು.
ಕಳಿಸಿದೆ. ಬೆಳಗಾಗುವುದರೊಳಗೆ ಉತ್ತರ, ಯಾನೆಕ್ ಎಂಬವನಿಂದ,
ಹನ್ನೊಂದು ವರ್ಷದಿಂದ ಒಬ್ಬನೇ ಇದನ್ನು ನೋಡಿಕೊಳ್ಳುತ್ತಿರುವವ:
'ಚೆನ್ನಾಗಿದೆ. ಆದರೆ ಬರ್ಮಾದವರ ಪಟ್ಟಿ ಮುರಿಯಿತು.'
ನಮ್ಮ ಬಚ್ಚಲ ನೀರನ್ನು
ಪಕ್ಕದವರ ಅಂಗಳಕ್ಕೆ ತಿರುಗಿಸಿದ ಹಾಗೆ.
ನಾಚಿಕೆಯಾಯಿತು. ವಾಪಸು ತಗೊಂಡೆ.

ಆಮೇಲೆ ಹತ್ತೊಂಬತ್ತು ಪಾಳಿ.
ಬರ್ಮಾದ ಅಕ್ಷರ ಒಂದೂ ಓದಲು ಬಾರದೆ
ಅವುಗಳ ದುಂಡು ಬೆನ್ನು ಸವರಿ ಸವರಿ ಎಣಿಸಿದೆ.
ನಡುವೆ ಒಂದು ರಾತ್ರಿ ವಾಲ್ವಿನ ಕುತ್ತಿಗೆ ಸೋರಿ
ಹುಚ್ಚರಾಯಪ್ಪ ಗ್ರೀಸು ಮೆತ್ತಿದ ಸಣಬು ಸುತ್ತಿ, ಸ್ಪ್ಯಾನರು ಬಿಗಿದು ಅಂದ:
'ಸದ್ಯಕ್ಕೆ ಇರ್ಲಿ ಬಿಡಿ ಮೇಡಂ.'
ಪಕ್ಕದ ವಾಲ್ವಿಗೆ ಹಾಗೇ ಎಂದೋ ಸುತ್ತಿದ ಸಣಬು
ಕಲ್ಲಾಗಿತ್ತು. ಸೋರುತ್ತಿರಲಿಲ್ಲ.
ತೊಂಬತ್ಮೂರರವನ ಮೇಲಿನ ಸಿಟ್ಟು ಅಲ್ಲೇ ಅರ್ಧ ಇಳಿಯಿತು.

ಕೊನೆಗೆ ಸೇರಿತು. ಅರವತ್ತು ಸಾಲು, ಒಂಬತ್ತು ಪರೀಕ್ಷೆ;
ಮೊದಲ ಪರೀಕ್ಷೆಯ ಮೊದಲ ಪದ ದುರ್ಗಿಗುಡಿ.
ಇನ್ನು ಯಾವ ದೇಶದಲ್ಲಿ ಯಾರು ಅದನ್ನು ತಿದ್ದಿದರೂ
ಒಮ್ಮೆ ದುರ್ಗಿಗುಡಿ ದಾಟಿಯೇ ಹೋಗಬೇಕು,
ಅದು ಊರೋ ತಿಂಡಿಯೋ ತಿಳಿಯದಿದ್ದರೂ.

ಹುಚ್ಚರಾಯಪ್ಪನಿಗೆ ಹೇಳಿದೆ.
'ಹಂಗಾದ್ರೆ ನಾಳೆಯಿಂದ ನೆಟ್ಟಗೆ ಬರ್ತದಾ?'

ಬರುವುದಿಲ್ಲ. ಇಲ್ಲಿರುವುದು ಆರು ವರ್ಷ ಹಳೆಯ ಆವೃತ್ತಿ,
ಪಾಸ್‌ವರ್ಡು ನನ್ನ ಕೈಲಿಲ್ಲ,
ಹೊಸದು ಹಾಕಲು ಮೇಲಿನವರ ರುಜು ಬೇಕು,
ರುಜುವಿಗೆ ಟೆಂಡರು, ಟೆಂಡರಿಗೆ ಮಾರ್ಚಿ.
ಅವನ ನಿವೃತ್ತಿ ಜನವರಿಗೆ.

ನಾಲ್ಕು ಗಂಟೆ. ಪಟ್ಟಿ ಹೊರಬಂತು, ಸೊಟ್ಟಗೆ.
ಅವನು ಅಡಿಪಟ್ಟಿ ತಗೊಂಡ.
ನಾನು ದುರ್ಗಿಗುಡಿಯ ಸಾಲಿನ ಮೇಲೆ ಬೆರಳಿಟ್ಟು ಹಿಡಿದೆ,
ಅವನು ಓದಿ ಮುಗಿಸುವ ತನಕ.